ಗುಡ್ಡವೋ, ಸಭೆಯೋ?

1611ರ ಇಂಗ್ಲಿಷ್ ಅನುವಾದವಾದ ಕಿಂಗ್ ಜೇಮ್ಸ್ ಬೈಬಲ್‌ನ ಗದ್ಯಕ್ಕೆ ತಲೆದೂಗದವರು ಕಡಿಮೆ. ಆದರೆ ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಅದು ಮಾಡಿದ ಎಡವಟ್ಟನ್ನು ಆ ಚೆಲುವೂ ಮುಚ್ಚಲಾರದು. ಅಥೆನ್ಸಿನವರು ಕ್ರೈಸ್ತ ಪ್ರಚಾರಕ ಪೌಲನನ್ನು ಕರೆದೊಯ್ದದ್ದು, 19ನೇ ವಚನದ ಪ್ರಕಾರ, 'ಅರಿಯೊಪಾಗಸ್'ಗೆ. ಮೂರು ವಚನ ಕಳೆದು ಅವನು ಮಾತಿಗೆ ನಿಂತದ್ದು 'ಮಾರ್ಸ್ ಗುಡ್ಡ'ದ ನಡುವೆ! ಇವು ಎರಡು ಜಾಗ ಎಂದು ಓದುಗ ತಿಳಿದರೆ ತಪ್ಪು ಅವನದಲ್ಲ. ಗ್ರೀಕ್ ಮೂಲದಲ್ಲಿ ಎರಡೂ ಕಡೆ ಇರುವುದು ಒಂದೇ ಹೆಸರು: ಅರೇಯೊಸ್ ಪಾಗೊಸ್.

ಪಾಗೊಸ್ ಎಂದರೆ ಬಂಡೆಗುಡ್ಡ. ಅರೇಯೊಸ್ ಅದರ ವಿಶೇಷಣ. ಯುದ್ಧದೇವತೆ ಅರೇಸ್‌ಗೆ ಸೇರಿದ್ದು ಎಂದರ್ಥ. ಸಂಸ್ಕೃತದಂತೆ ಇಲ್ಲೂ ವಿಶೇಷಣ ವಿಶೇಷ್ಯದ ವಿಭಕ್ತಿಯನ್ನೇ ಹಿಡಿಯಬೇಕು. ಹಾಗಾಗಿ ದ್ವಿತೀಯೆಯಲ್ಲಿ 'ಅರೇಯೊನ್ ಪಾಗೊನ್', ಷಷ್ಠಿಯಲ್ಲಿ 'ಅರೇಯೂ ಪಾಗೂ'. ಸಮುದ್ರದೇವತೆ ಪೋಸೈಡನ್‌ನ ಮಗನನ್ನು ಕೊಂದ ಅರೇಸ್ ಇಲ್ಲೇ ವಿಚಾರಣೆ ಎದುರಿಸಿದ ಎನ್ನುತ್ತದೆ ಪುರಾಣ. ಅಕ್ರೊಪೊಲಿಸ್‌ನ ವಾಯವ್ಯಕ್ಕಿರುವ ಈ ಬಂಡೆಯ ಹೆಸರೇ ಅಲ್ಲಿ ಕೂಡುತ್ತಿದ್ದ ಹಿರಿಯರ ಸಭೆಗೂ ಅಂಟಿತು. ವಿಧಾನಸೌಧ ಒಪ್ಪಿತು ಎಂದರೆ ಕಟ್ಟಡವೇ ತಲೆಯಾಡಿಸಿತು ಎಂದು ನಾವು ತಿಳಿಯುತ್ತೇವೆಯೇ? ಕ್ರಿ.ಪೂ. 462ರ ಸುಮಾರಿಗೆ ಅಥೆನ್ಸಿನ ರಾಜಕಾರಣಿ ಎಫಿಯಾಲ್ಟೀಸ್ ಈ ಸಭೆಯ ಅಧಿಕಾರವನ್ನು ಮೊಟಕುಗೊಳಿಸಿದ್ದ. ಪೌಲ ಬರುವ ಹೊತ್ತಿಗೆ, ರೋಮನ್ನರ ಆಳ್ವಿಕೆಯಲ್ಲಿ, ಅದು ಮತ್ತೆ ಊರಿನ ಮುಖ್ಯ ಸಭೆಯಾಗಿತ್ತು.

ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನ ಮನಸ್ಸಿನಲ್ಲಿದ್ದದ್ದು ಯಾವುದು, ಗುಡ್ಡವೋ ಸಭೆಯೋ? 19ನೇ ವಚನದ 'ಎಪಿ' ಎಂಬ ಅವ್ಯಯ ದ್ವಿತೀಯೆಯೊಡನೆ ಬಂದರೆ ಗುಡ್ಡದ ಮೇಲಕ್ಕೆ ಎಂದೂ ಆದೀತು, ಅಧಿಕಾರಿಗಳ ಮುಂದಕ್ಕೆ ಎಂದೂ ಆದೀತು. ಫಿಲಿಪ್ಪಿಯಲ್ಲಿ ಪೌಲನನ್ನೂ ಅವನ ಜೊತೆಗಾರ ಸೀಲನನ್ನೂ ಅಧಿಕಾರಿಗಳ ಬಳಿಗೆ ಎಳೆದೊಯ್ದಾಗ (16:19) ಲೂಕ ಬಳಸಿದ್ದೂ ಇದನ್ನೇ. ಇಲ್ಲಿ ವ್ಯಾಕರಣ ಏನನ್ನೂ ತೀರ್ಮಾನಿಸುವುದಿಲ್ಲ. 22ನೇ ವಚನಕ್ಕೆ ಬಂದರೆ ಸಂಶಯ ಬಹುಮಟ್ಟಿಗೆ ಕರಗುತ್ತದೆ. ಅಲ್ಲಿರುವುದು 'ಸ್ತಥೇಯ್ಸ್ ಎನ್ ಮೆಸೋ', ಅಂದರೆ 'ನಡುವೆ ನಿಂತು'. ಬಿರುಗಾಳಿಗೆ ಸಿಕ್ಕಿದ ಹಡಗಿನಲ್ಲಿ ಪೌಲ ಜನರ ನಡುವೆ ಎದ್ದು ನಿಂತಾಗಲೂ (27:21) ಇವೇ ಪದಗಳು. ಜನರ ನಡುವೆ ನಿಲ್ಲುವುದು ಸಹಜ. ಗುಡ್ಡದ ನಡುವೆ ನಿಲ್ಲುವುದು ಹೇಗೆ? 33ನೇ ವಚನವಂತೂ ಅವನು 'ಅವರ ನಡುವಿನಿಂದ' ಹೊರಟ ಎನ್ನುತ್ತದೆ. ಮರುವಚನದಲ್ಲಿ ನಂಬಿದವರ ಸಾಲಿನಲ್ಲಿ ಆ ಸಭೆಯ ಸದಸ್ಯ ದಿಯೊನುಸಿಯನೂ ಇದ್ದಾನೆ.

ಸಭೆ ಎಂಬ ಅರ್ಥ ಎಲ್ಲಿ ಗಟ್ಟಿಯೋ ಅಲ್ಲೇ ಕಿಂಗ್ ಜೇಮ್ಸ್ ಅನುವಾದಕರು ಗುಡ್ಡ ಹತ್ತಿದರು. ಅದೂ ಗ್ರೀಕ್ ದೇವತೆಯನ್ನು ರೋಮನ್ ಮಾರ್ಸ್ ಮಾಡಿಕೊಂಡು. ಅವರಿಗೆ ಇದು ತಿಳಿಯದೆ ಏನಲ್ಲ. ಅಂಚಿನಲ್ಲಿ ಇನ್ನೊಂದು ಅರ್ಥ ಕೊಟ್ಟಿದ್ದರು. ಆದರೆ ಅಂಚು ಓದುವವರು ಎಷ್ಟು ಮಂದಿ?

ಆಧುನಿಕ ಇಂಗ್ಲಿಷ್ ಅನುವಾದವಾದ ನ್ಯೂ ಇಂಟರ್‌ನ್ಯಾಷನಲ್ ವರ್ಷನ್ ಎರಡೂ ಕಡೆ 'ಸಭೆ' ಎಂಬ ಮಾತು ಸೇರಿಸಿತು. 22ಕ್ಕೆ ಅದು ಒಪ್ಪುತ್ತದೆ. 19ರಲ್ಲಿ ಲೂಕ ತೆರೆದಿಟ್ಟ ಬಾಗಿಲನ್ನು ಮಾತ್ರ ಸುಮ್ಮನೆ ಮುಚ್ಚಿದಂತಾಯಿತು. ಹಳೆಯ ಲ್ಯಾಟಿನ್ ವಲ್ಗೇಟ್ ಎರಡೂ ಕಡೆ 'ಅರಿಯೊಪಾಗಸ್' ಎಂದೇ ಉಳಿಸಿಕೊಂಡು ವಿಭಕ್ತಿಯನ್ನಷ್ಟೇ ಬದಲಿಸಿತು. ಮೂರರಲ್ಲಿ ನನ್ನ ಮತ ವಲ್ಗೇಟ್‌ಗೆ.