ಕಾರಣ ಹೇಳದ ತಿರಸ್ಕಾರ

ಆನ್‌ಲೈನ್ ಅರ್ಜಿಗೆ ದಾಖಲೆ ಅಪ್‌ಲೋಡ್ ಮಾಡುವಾಗ ‘ಇನ್‌ವ್ಯಾಲಿಡ್ ಫೈಲ್’ ಎಂಬ ಕೆಂಪು ಸಾಲು ಬಂದರೆ ಅರ್ಜಿದಾರರಿಗೆ ದಿಕ್ಕು ತೋಚುವುದಿಲ್ಲ. ಫೈಲ್ ದೊಡ್ಡದಾಯಿತೇ, ಹಾಳಾಗಿದೆಯೇ, ಹೆಸರಿನಲ್ಲಿ ಕನ್ನಡ ಅಕ್ಷರ ಇದ್ದದ್ದು ತಪ್ಪೇ? ಆ ಸಾಲು ಏನನ್ನೂ ಹೇಳದು. ನಮ್ಮ ಪೋರ್ಟಲ್‌ಗಳಲ್ಲಿ ನನಗೆ ಕಾಣುವ ದೊಡ್ಡ ಲೋಪ ಇದು.

ದೋಷ ಪಿಡಿಎಫ್‌ನದ್ದಲ್ಲ. 1993ರಲ್ಲಿ ಅಡೋಬಿ ತಂದ ಈ ಮಾದರಿ 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ಒಳರಚನೆ ಗುಟ್ಟಲ್ಲ. ಫೈಲಿನ ಆರಂಭದಲ್ಲಿ ಆವೃತ್ತಿಯ ಗುರುತು, ಕೊನೆಯಲ್ಲಿ ಮುಕ್ತಾಯದ ಗುರುತು ಇರುತ್ತವೆ. ಮೊಬೈಲ್ ಫೋಟೊದ ಹೆಸರಿನ ತುದಿಗೆ ಪಿಡಿಎಫ್ ಎಂದು ಬರೆದರೆ ಮೊದಲ ಗುರುತು ಸಿಗದು. ನೆಟ್‌ವರ್ಕ್ ಹೋಗಿ ಡೌನ್‌ಲೋಡ್ ಅರ್ಧಕ್ಕೆ ನಿಂತಿದ್ದರೆ ಕೊನೆಯದು ಸಿಗದು. ಅಂದರೆ ಫೈಲನ್ನು ತಿರಸ್ಕರಿಸುವ ತಂತ್ರಾಂಶ ಕಾರಣವನ್ನೂ ಹೇಳಬಲ್ಲದು. ಹೇಳಿಸಬೇಕೆಂಬ ಕಾಳಜಿ ಇಲ್ಲ, ಅಷ್ಟೆ.

ಇ-ಆಧಾರ್ ನೋಡಿ. ಡೌನ್‌ಲೋಡ್ ಆದ ಫೈಲಿಗೆ ಪಾಸ್‌ವರ್ಡ್ ಇರುತ್ತದೆ: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರಗಳು, ಜೊತೆಗೆ ಹುಟ್ಟಿದ ಇಸವಿ. ಹಾಗೇ ಅಪ್‌ಲೋಡ್ ಮಾಡಿದರೆ ಎಷ್ಟೋ ಪೋರ್ಟಲ್‌ಗಳು ಒಪ್ಪುವುದಿಲ್ಲ. ಬ್ರೌಸರ್‌ನಲ್ಲಿ ತೆರೆದು, ಪ್ರಿಂಟ್ ಒತ್ತಿ, ‘ಸೇವ್ ಆ್ಯಸ್ ಪಿಡಿಎಫ್’ ಆರಿಸಿದರೆ ಪಾಸ್‌ವರ್ಡ್ ಇಲ್ಲದ ಪ್ರತಿ ಸಿಗುತ್ತದೆ. ಆದರೆ ಅದರಲ್ಲಿ ಡಿಜಿಟಲ್ ಸಹಿಯ ಚಿತ್ರ ಮಾತ್ರ ಉಳಿಯುತ್ತದೆ, ಸಹಿ ಉಳಿಯುವುದಿಲ್ಲ. ಸುರಕ್ಷತೆಗೆಂದು ಒಂದು ಕಡೆ ಹಾಕಿದ ಬೀಗವನ್ನು ಇನ್ನೊಂದು ಕಡೆ ಜನರ ಕೈಯಿಂದಲೇ ಒಡೆಸುವ ಈ ಪದ್ಧತಿಯನ್ನು ಒಪ್ಪಲು ನನಗೆ ಸಾಧ್ಯವಿಲ್ಲ.

ಗಾತ್ರದ ಮಿತಿಯದು ಇನ್ನೂ ಕಷ್ಟ. 200 ಕೆಬಿ ಎಂದರೆ ಫೋನಿನ ಫೋಟೊ ಕುಗ್ಗಿಸಲೇಬೇಕು. ಕುಗ್ಗಿಸಿ ಕುಗ್ಗಿಸಿ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯೇ ಮಸುಕಾದರೆ ‘ದಾಖಲೆ ಅಸ್ಪಷ್ಟ’ ಎಂದು ಅರ್ಜಿ ವಾಪಸ್ ಬರುತ್ತದೆ. 150 ಡಿಪಿಐನಲ್ಲಿ, ಬೂದುಬಣ್ಣದಲ್ಲಿ ಮತ್ತೆ ಸ್ಕ್ಯಾನ್ ಮಾಡುವುದು ಲೇಸು ಎಂದು ಪೋರ್ಟಲ್ ಹೇಳದು. ಹಾಗಾಗಿ ಜನ ಉಚಿತ ಕಂಪ್ರೆಸ್ ತಾಣಗಳಿಗೆ ಹೋಗುತ್ತಾರೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಅಂಕಪಟ್ಟಿ ಯಾರದೋ ಸರ್ವರ್ ಸೇರುತ್ತವೆ. ಕೊನೆಯ ದಿನ ಸೈಬರ್ ಸೆಂಟರ್‌ಗೆ ಓಡಿದ ವಿದ್ಯಾರ್ಥಿಯ ದಾಖಲೆಗಳು ಅಲ್ಲಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಉಳಿಯುತ್ತವೆ. ದುಡ್ಡೂ ಹೋಯಿತು, ಗೋಪ್ಯತೆಯೂ ಹೋಯಿತು.

ಡಿಜಿಲಾಕರ್‌ನಿಂದ ದಾಖಲೆಯನ್ನು ನೇರವಾಗಿ ಪಡೆಯುವ ವ್ಯವಸ್ಥೆ ಎಲ್ಲ ಅರ್ಜಿಗಳಲ್ಲೂ ಬರಲಿ. ಅಲ್ಲಿಯವರೆಗೆ ಪೋರ್ಟಲ್ ಕಟ್ಟುವವರು ‘ಈ ಫೈಲಿಗೆ ಪಾಸ್‌ವರ್ಡ್ ಇದೆ, ತೆಗೆದು ಕಳಿಸಿ’ ಎಂಬಷ್ಟನ್ನಾದರೂ ಕನ್ನಡದಲ್ಲಿ ಬರೆಯಲಿ.