ನೀರನ್ನು ಎರಡು ಸಲ ಎತ್ತುವ ಊರು

ಬೆಂಗಳೂರಿಗೆ ಕಾವೇರಿ ನೀರು ಬರುವುದು ಸುಮಾರು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ. ಹಂತಹಂತವಾಗಿ ಪಂಪು ಮಾಡಿ ಸುಮಾರು 500 ಮೀಟರ್ ಮೇಲಕ್ಕೆ ತರಬೇಕು. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟ್ ಬಿಲ್ಲಿಗೇ ಹೋಗುತ್ತದೆ. ಇಷ್ಟು ಕಷ್ಟಪಟ್ಟು ಬೆಟ್ಟ ಹತ್ತಿಸಿದ ನೀರು ಮನೆಯ ಗೇಟು ದಾಟಿದ್ದೇ ತಡ, ನೆಲದಡಿಯ ಸಂಪಿಗೆ ಬೀಳುತ್ತದೆ. ಅಲ್ಲಿಂದ ಮನೆಯವರ ಮೋಟರು ಅದನ್ನು ಮತ್ತೆ ತಾರಸಿಗೆ ಎತ್ತುತ್ತದೆ. ನಲ್ಲಿಯಲ್ಲಿ ದಿನವಿಡೀ ಸಾಕಷ್ಟು ಒತ್ತಡವಿದ್ದರೆ ಎರಡಂತಸ್ತಿನ ಮನೆಗೆ ಸಂಪೂ ಬೇಡ, ಮೋಟರೂ ಬೇಡ.

ನೀರು ಬಿಡದ ಹೊತ್ತಿನಲ್ಲಿ ಖಾಲಿ ಕೊಳವೆಯ ಬಿರುಕುಗಳಿಂದ ಕೊಳಕು ಒಳಸೇರುತ್ತದೆ. ಆ ಭಯಕ್ಕೆ ಅಡುಗೆಮನೆಯಲ್ಲಿ ಆರ್‌ಒ ಯಂತ್ರ. ಅದೋ, ಕೊಡುವ ನೀರಿಗಿಂತ ಹೆಚ್ಚನ್ನು ಸಿಂಕಿಗೆ ಸುರಿಯುತ್ತದೆ. ಲವಣಾಂಶ ಕಡಿಮೆಯಿರುವ ಕಾವೇರಿ ನೀರನ್ನು ಕುದಿಸಿದರೂ ಸಾಕಿತ್ತು. ಆದರೆ ನಂಬಿಕೆ ಹೋದ ಮೇಲೆ ಯಾರು ಕೇಳುತ್ತಾರೆ!

ಸಂಪಿನ ಸಿಮೆಂಟು, ಮೋಟರಿನ ರಿಪೇರಿ, ಫಿಲ್ಟರಿನ ವಾರ್ಷಿಕ ಸರ್ವೀಸು ಎಲ್ಲವೂ ಜಿಡಿಪಿಯ ಲೆಕ್ಕಕ್ಕೆ ಸೇರುತ್ತವೆ. ಕಾಗದದ ಮೇಲೆ ಇದು ಬೆಳವಣಿಗೆ. ಮನೆಯವರ ಪಾಲಿಗೆ ಒಂದೇ ಬಿಂದಿಗೆ ನೀರಿಗೆ ಎರಡನೇ ಸಲ ತೆತ್ತ ದುಡ್ಡು. ಟ್ಯಾಂಕರಿನ ಲೆಕ್ಕ ಇನ್ನೂ ನಿಚ್ಚಳ. 2024ರ ಮಾರ್ಚ್‌ನ ಬರದಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ದರ ಕಟ್ಟಿತು. ಅಂದರೆ ಸಾವಿರ ಲೀಟರಿಗೆ 83 ರೂಪಾಯಿ. ಆಗ ಮಂಡಳಿಯ ಗೃಹಬಳಕೆಯ ಮೊದಲ ಹಂತದ ದರ 7 ರೂಪಾಯಿ. ಟ್ಯಾಂಕರಿನವರ ಹೊಟ್ಟೆಪಾಡಿನ ಮಾತು ಬಂದೇ ಬರುತ್ತದೆ. ಅವರ ದುಡಿಮೆ ಸುಳ್ಳಲ್ಲ. ಆದರೆ ಕೊಳವೆ ಮಾಡಬೇಕಾದ ಕೆಲಸವನ್ನು ಡೀಸೆಲ್ ಸುಟ್ಟು ಮಾಡುವುದನ್ನು ಉದ್ಯೋಗಸೃಷ್ಟಿ ಎಂದು ಮೆಚ್ಚಲಾರೆ.

ಕೊಳವೆಯಲ್ಲಿ ದಿನವಿಡೀ ನೀರು ಕೊಡುವುದು ಆಗದ ಕೆಲಸವೇನಲ್ಲ. ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ದಿನದ 24 ಗಂಟೆ ನೀರು ಹರಿಯಿತು. ಹದಿನೈದು ವರ್ಷ ಕಳೆದರೂ ಇಡೀ ಅವಳಿನಗರಕ್ಕೆ ವ್ಯಾಪಿಸಲಿಲ್ಲ, ಅಷ್ಟೇ.

ನನ್ನ ದೊಡ್ಡ ತಕರಾರು ಪೋಲಾದ ದುಡ್ಡಿನ ಬಗ್ಗೆಯೂ ಅಲ್ಲ. ಸ್ವಂತ ವ್ಯವಸ್ಥೆ ಮಾಡಿಕೊಂಡ ಅನುಕೂಲಸ್ಥರು ಮಂಡಳಿಯ ಬಾಗಿಲು ತಟ್ಟುವುದನ್ನೇ ಬಿಡುತ್ತಾರೆ; ತಟ್ಟುವವರ ದನಿಗೆ ಬಲ ಸಾಲದು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಯೋಜಿಸಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಬೋರ್‌ವೆಲ್ಲು, ಟ್ಯಾಂಕರುಗಳಿಗೆ ಹಣ ಸುರಿದಾಗಿತ್ತು. ಕೊನೆಗೆ ಕೊಳವೆ ಬಂದಾಗ, ಸಂಪರ್ಕ ತೆಗೆದುಕೊಳ್ಳಿ ಎಂದು ಅಪಾರ್ಟ್‌ಮೆಂಟುಗಳ ಮನವೊಲಿಸುವ ಸರದಿ ಮಂಡಳಿಯದಾಯಿತು.