ಕೃತ್ತಿಕೆಯ ಕೊನೆಯ ಬಿಸಿಲು

ಮೇ ತಿಂಗಳ ನಡುವಿಗೆ ಮಲೆನಾಡಿನ ಹಳೆಯ ಹಲಸು, ಮಾವಿನ ಕೊಂಬೆಗಳಲ್ಲಿ ಸೀತಾಳೆ ದಂಡೆ ಅರಳಿ ಜಡೆಯಂತೆ ಇಳಿಬಿದ್ದರೆ, ಬಿಸಿಲು ಇನ್ನು ಹೆಚ್ಚು ದಿನ ಉಳಿದಿಲ್ಲವೆಂದೇ ಲೆಕ್ಕ. ಇರುವೆಗಳು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತವೆ. ಸಂಜೆಯ ಪಡುವಣ ಗಾಳಿಯಲ್ಲಿ ತೇವ, ಕತ್ತಲಾದರೆ ತೋಟದಂಚಿಗೆ ಮಿಂಚುಹುಳ. ಮೇ 25ರ ಸುಮಾರಿಗೆ ಕೃತ್ತಿಕೆ ಕಳೆದು ರೋಹಿಣಿ ಮಳೆ ಹುಟ್ಟುತ್ತದೆ, ಜೂನ್ 8ರ ಹೊತ್ತಿಗೆ ಮೃಗಶಿರ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಅಷ್ಟು ತಿಂಗಳು ಅಂಗಳದಲ್ಲಿ ಏನನ್ನೂ ಒಣಗಿಸುವಂತಿಲ್ಲ.

ಆದ್ದರಿಂದ ಈಗ ಮನೆಗಳಲ್ಲಿ ನಡೆಯುವ ಕೆಲಸಕ್ಕೆ ಒಂದು ಸರದಿ ಇದೆ. ಮೊದಲು ಬಿಸಿಲು ಬೇಡುವುದು, ಆಮೇಲೆ ಉಪ್ಪಿನಲ್ಲಿ ನಿಲ್ಲುವುದು, ಕೊನೆಗೆ ಒಲೆಯ ಹೊಗೆಗೆ ಬಿಡುವುದು. ಅಪ್ಪೆಮಿಡಿ ಇಷ್ಟರಲ್ಲೇ ಭರಣಿ ಸೇರಿಯಾಗಿದೆ. ತೊಟ್ಟು ಮುರಿಯದಂತೆ ಕೊಯ್ದು, ಸೊನೆ ಸಮೇತ ಹರಳುಪ್ಪಿನಲ್ಲಿ ಮುಳುಗಿಸಿದ ಮಿಡಿ ಈಗ ಸುರುಟಿಕೊಂಡು ಕೂತಿದೆ. ಆ ಪರಿಮಳವೆಲ್ಲ ಸೊನೆಯದು. ಮಿಡಿಯನ್ನು ಕಲ್ಲು ಹೊಡೆದು ಉದುರಿಸುವವರನ್ನು ನಾನು ಕ್ಷಮಿಸಲಾರೆ.

ಈಗಿನ ಬಿಸಿಲಿನ ದೊಡ್ಡ ಪಾಲು ಹಲಸಿನ ಹಪ್ಪಳಕ್ಕೆ. ಕಾಯಿ ಪೂರ್ತಿ ಬಲಿತಿರಬೇಕು, ಹಣ್ಣಿಗೆ ತಿರುಗಿರಬಾರದು. ತಿರುಗಿದರೆ ಸೊಳೆಯ ಹಿಟ್ಟು ಸಕ್ಕರೆಯಾಗುತ್ತದೆ, ಅಂಥ ಹಪ್ಪಳ ಎಣ್ಣೆಗೆ ಬಿದ್ದೊಡನೆ ಕೆಂಪಾಗಿ ಮೆತ್ತಗೇ ಉಳಿಯುತ್ತದೆ. ನನ್ನ ಮತ ಬಕ್ಕೆ ಹಲಸಿಗೆ. ಅದರ ಗಟ್ಟಿ ಸೊಳೆಯನ್ನು ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಒರಳಿಗೆ ಹಾಕಿ ಉಪ್ಪು, ಒಣಮೆಣಸು, ಕೊತ್ತಂಬರಿ ಸೇರಿಸಿ ರುಬ್ಬಬೇಕು. ಮಿಕ್ಸಿಗೆ ಹಾಕುವವರು ನೀರು ಸೇರಿಸದೆ ಇರುವುದಿಲ್ಲ, ನೀರು ಸೇರಿದ ಹಿಟ್ಟು ಒಣಗುವಾಗ ಬಿರಿಯುತ್ತದೆ. ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಿದರೆ ಚಾಪೆಗೆ ಹೋಗಲು ಸಿದ್ಧ. ಅಂಚು ಮೇಲೆದ್ದಾಗ ಮಗುಚಬೇಕು. ಎರಡು ದಿನ ಮೋಡ ಕವಿದರೆ ಬೂಸಲು ಬಂತೆಂದೇ ತಿಳಿಯಿರಿ. ಚಾಪೆಯ ಕಾವಲಿಗೆ ಕೂತ ಮಕ್ಕಳು ಅರ್ಧ ಒಣಗಿದ್ದನ್ನೇ ಎತ್ತಿ ತೆಂಗಿನೆಣ್ಣೆ ಸವರಿ ತಿನ್ನುತ್ತಾರೆ. ಕರಿದ ಹಪ್ಪಳಕ್ಕಿಂತ ಆ ಹಸಿ ಹಪ್ಪಳವೇ ಮೇಲು ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ.

ಮುರುಗಲಿನ ಸಿಪ್ಪೆಯೂ ಇದೇ ಬಿಸಿಲಿಗೆ ಕಾಯುತ್ತದೆ. ಹಣ್ಣಿನದೇ ರಸದಲ್ಲಿ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಅದು ಕಪ್ಪಾಗಿ, ಸಾರಿಗೆ ಹಾಕಿದಾಗ ಹುಳಿ ಬಿಟ್ಟುಕೊಡುತ್ತದೆ.

ಮೊದಲ ಹನಿ ಬಿದ್ದ ಮೇಲೆ ಹಲಸು ನೀರು ಕುಡಿದು ಚಪ್ಪೆಯಾಗುತ್ತದೆ. ಅದಕ್ಕೆ ಒಂದೆರಡು ದಿನ ಮೊದಲೇ ಉಪ್ಪುಸೊಳೆ ಹಾಕಿಬಿಡಬೇಕು. ಬಲಿತ ಸೊಳೆಯನ್ನು ಬೀಜ ತೆಗೆದು, ಒಂದು ಪದರ ಸೊಳೆ ಒಂದು ಪದರ ಹರಳುಪ್ಪಿನಂತೆ ಭರಣಿಗೆ ತುಂಬಿ ಮೇಲೆ ಭಾರದ ಕಲ್ಲು ಹೇರುತ್ತಾರೆ. ಸೊಳೆ ತನ್ನದೇ ನೀರು ಬಿಟ್ಟುಕೊಂಡು ಅದರಲ್ಲೇ ಮುಳುಗಿ ಉಳಿಯುತ್ತದೆ. ಕೈ ಒದ್ದೆಯಿದ್ದರೆ ಭರಣಿ ಮುಟ್ಟುವ ಹಾಗಿಲ್ಲ.

ಮಳೆ ಹಿಡಿದ ಮೇಲೆ ಹಣ್ಣಾಗುವ ಉಪ್ಪಾಗೆಗೆ ಬಿಸಿಲಿನ ಭಾಗ್ಯವಿಲ್ಲ. ಅದನ್ನು ಕಟ್ಟಿಗೆಯ ಬೆಂಕಿಯ ಮೇಲೆಯೇ ಒಣಗಿಸಬೇಕು, ಕಾಡಿನ ಕಟ್ಟಿಗೆ ಬಹಳ ಸುಡುತ್ತದೆ ಎಂಬ ಚಿಂತೆ ನನಗಿದೆ.

ಆಷಾಢದಲ್ಲಿ ಉಪ್ಪುಸೊಳೆ ತೆಗೆದವರಿಗೆ ಒಂದು ಮಾತು. ಹಿಂದಿನ ರಾತ್ರಿಯೇ ನೀರಿಗೆ ಹಾಕಿ, ಬೆಳಿಗ್ಗೆ ನೀರು ಬದಲಿಸಿ, ಒಂದು ಚೂರು ಬಾಯಿಗಿಟ್ಟು ನೋಡಿ. ಉಪ್ಪು ಪೂರ್ತಿ ಹೋಗುವವರೆಗೆ ತೊಳೆಯಬೇಡಿ, ಉಪ್ಪಿನ ಜತೆ ಹುಳಿಯ ಛಾಯೆಯೂ ಹೋಗುತ್ತದೆ. ಆಮೇಲೆ ಅಕ್ಕಿ, ತೆಂಗಿನಕಾಯಿ ಸೇರಿಸಿ ರುಬ್ಬಿ ಬಾಳೆಲೆಯ ಮೇಲೆ ತೆಳ್ಳಗೆ ತಟ್ಟಿ ರೊಟ್ಟಿ ಮಾಡಿ. ಬೆಣ್ಣೆ ಇದ್ದರೆ ಸಾಕು, ಚಟ್ನಿ ಬೇಡ.